ಯಕೃತ್ತಿನೊಳಗೆ ವಿಕಿರಣದ ಮಣಿಗಳು

ಯಕೃತ್ತಿಗೆ ರಕ್ತವು ಎರಡು ದಾರಿಗಳಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಅಭಿಧಮನಿಯದು, ಉಳಿದುದು ಅಪಧಮನಿಯದು. ಆದರೆ ಅಲ್ಲಿ ಬೆಳೆದ ಅರ್ಬುದವು ಬಹುಮಟ್ಟಿಗೆ ಅಪಧಮನಿಯ ರಕ್ತವನ್ನೇ ಹೀರಿ ಕೊಬ್ಬುತ್ತದೆ.

ವೈದ್ಯರು ಹಿಡಿದಿರುವುದು ಈ ದಾರಿಯನ್ನೇ. ತೊಡೆಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆಯೊಂದನ್ನು ತೂರಿಸಿ, ಕೂದಲೆಳೆಗಿಂತ ಕಿರಿದಾದ ಲಕ್ಷಾಂತರ ಮಣಿಗಳನ್ನು ಗೆಡ್ಡೆಯತ್ತ ಹರಿಯಬಿಡುತ್ತಾರೆ. ಅವುಗಳಲ್ಲಿರುವ ಇಟ್ರಿಯಂ-90ರ ವಿಕಿರಣವು ಸರಾಸರಿ 2.5 ಮಿಲಿಮೀಟರು ಮಾತ್ರ ಸಾಗುವುದು. 64 ಗಂಟೆಗಳಿಗೊಮ್ಮೆ ಅರ್ಧಕ್ಕಿಳಿಯುವುದು.

ಫಲವೇನು? 2017ರಲ್ಲಿ ಪ್ರಕಟವಾದ ಫ್ರಾನ್ಸಿನ ‘ಸಾರಾ’ ಪರೀಕ್ಷೆಯಲ್ಲಿ, ಬಲಿತ ಅರ್ಬುದವುಳ್ಳವರ ಆಯುಸ್ಸನ್ನು ಈ ಚಿಕಿತ್ಸೆಯು ಸೊರಾಫೆನಿಬ್ ಮಾತ್ರೆಗಿಂತ ಹೆಚ್ಚಿಸಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಕಡಮೆಯಾಗಿದ್ದವು. ಅಮೆರಿಕದ ಮೂರು ಕೇಂದ್ರಗಳು ಚಿಕಿತ್ಸೆ ಮುಗಿದಿದ್ದ 162 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ ಬೇರೆಯೇ ಚಿತ್ರ ಕಂಡಿತು. ಎಲ್ಲರಿಗೂ ಇದ್ದುದು 8 ಸೆಂಟಿಮೀಟರು ಮೀರದ ಒಂದೇ ಗೆಡ್ಡೆ. ಮೂರು ವರ್ಷಗಳ ಬಳಿಕ ಬದುಕಿದ್ದವರ ಪ್ರಮಾಣ ನೂರಕ್ಕೆ ಸುಮಾರು 87. ಈ ದಾಖಲೆಗಳ ಬಲದಿಂದ 2021ರಲ್ಲಿ ಅಮೆರಿಕದ ಸರ್ಕಾರವು ಗಾಜಿನ ಮಣಿಗಳಿಗೆ ಒಪ್ಪಿಗೆಯಿತ್ತಿತು.

ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ, ಕೆಲವರಿಗೆ ಮುಂದೆ ಯಕೃತ್ತಿನ ಕಸಿಯೂ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೂ ಗೆಡ್ಡೆಯು ಚಿಕ್ಕದಿರುವಾಗಲೇ ಪತ್ತೆಯಾದವರಿಗೆ ಈ ಮಣಿಗಳು ತಂದಿರುವ ಭರವಸೆ ಅಲ್ಪವಲ್ಲ.