ಚಕ್ರದ ಮೇಲಿನ ಬಿಡಾರ: ಎಷ್ಟು ಚಳಿ, ಎಷ್ಟು ಸೆಕೆ?

ಧನುರ್ಮಾಸದ ಬೆಳಗಿನ ಜಾವ. ದಾಂಡೇಲಿಯ ಸಮೀಪದಲ್ಲಿ, ಕಾಳೀ ನದಿಯ ದಂಡೆಗೆ ಹತ್ತಿರವಾಗಿ, ಕಾರಿನ ಹಿಂದೆ ಎಳೆದು ತಂದ ಸಣ್ಣದೊಂದು ಟ್ರೇಲರ್ ನಿಂತಿದೆ. ಒಳಗೆ ಪಟ್ಟಣದಿಂದ ಬಂದ ದಂಪತಿಗಳು ಕಂಬಳಿ ಹೊದ್ದು ಮಲಗಿದ್ದಾರೆ. ನಾಲ್ಕು ಗಂಟೆಯ ಹೊತ್ತಿಗೆ ಯಜಮಾನರ ಹಣೆಯ ಮೇಲೆ ತಣ್ಣನೆಯ ಹನಿಯೊಂದು ಬೀಳುತ್ತದೆ. ತುಸು ಹೊತ್ತಿಗೆ ಇನ್ನೊಂದು. ಅಕಾಲದ ಮಳೆ ಬಂದು ಸೂರು ಸೋರುತ್ತಿದೆಯೆಂದು ಗಾಬರಿಗೊಂಡು ಬಾಗಿಲು ತೆರೆದು ನೋಡಿದರೆ ಮಳೆಯ ಸುಳಿವೇ ಇಲ್ಲ. ನದಿಯ ಮೇಲೆ ಮಂಜು ಕವಿದಿದೆ, ನೆತ್ತಿಯ ಮೇಲೆ ನಕ್ಷತ್ರಗಳು ಹೊಳೆಯುತ್ತಿವೆ. ಸೂರು ಸೋರಿದ್ದಲ್ಲ, ಮಲಗಿದ್ದವರ ಉಸಿರೇ ಮಳೆಯಾಗಿತ್ತು.

ಲೆಕ್ಕ ಸರಳವಾದುದು. ಇಬ್ಬರು ಮಲಗಬಹುದಾದ ಸಣ್ಣ ಟ್ರೇಲರಿನ ಒಳಗೆ ಹಿಡಿಯುವ ಗಾಳಿ ನಾಲ್ಕೂವರೆ ಘನಮೀಟರಿನಷ್ಟು. ಹದಿನೈದು ಡಿಗ್ರಿ ಉಷ್ಣಮಾನದಲ್ಲಿ ಒಂದು ಘನಮೀಟರು ಗಾಳಿ ಹೊರಬಲ್ಲ ನೀರಾವಿ ಸುಮಾರು 13 ಗ್ರಾಂ. ಇಡೀ ಗೂಡಿನ ಗಾಳಿಗೆ ಅರವತ್ತು ಗ್ರಾಂ ಸಹ ತುಂಬಲಾರದು. ನಿದ್ರಿಸುತ್ತಿರುವ ವಯಸ್ಕನೊಬ್ಬ ಉಸಿರಿನಿಂದಲೂ ಚರ್ಮದಿಂದಲೂ ಗಂಟೆಗೆ ಮೂವತ್ತು ನಲವತ್ತು ಗ್ರಾಂ ನೀರನ್ನು ಹೊರಬಿಡುತ್ತಾನೆ. ಇಬ್ಬರಾದರೆ ಒಂದೇ ಗಂಟೆಯಲ್ಲಿ ಗೂಡು ತುಂಬಿತು. ಕಿಟಕಿಗಳೆಲ್ಲ ಭದ್ರವಾಗಿದ್ದರೆ ಉಳಿದ ನೀರು ಹೋಗುವುದೆಲ್ಲಿಗೆ? ಹೊರಗಿನ ಚಳಿಗೆ ತಣ್ಣಗಾದ ಅಲ್ಯೂಮಿನಿಯಂ ತಗಡಿಗೆ ತಗಲಿ ಹನಿಗಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಅರ್ಧ ಲೀಟರಿನಷ್ಟು ನೀರು ಹಾಸಿಗೆ, ದಿಂಬು, ಗೋಡೆಗಳಲ್ಲಿ ಹಂಚಿಹೋಗಿರುತ್ತದೆ.

ಇಂಥ ಬಿಡಾರದಲ್ಲಿ ಎಷ್ಟು ಡಿಗ್ರಿಯವರೆಗೆ ಸುಖವಾಗಿರಬಹುದು ಎಂಬುದು ಹೊರಡುವವರೆಲ್ಲರೂ ಕೇಳುವ ಪ್ರಶ್ನೆ. ಉಷ್ಣಮಾಪಕದ ಪಾದರಸವನ್ನೊಂದೇ ನೋಡಿ ಇದಕ್ಕೆ ಉತ್ತರ ಹೇಳುವವನು ಮೋಸಹೋಗುತ್ತಾನೆ. ಹೀಗೆ ಮೋಸಹೋಗುವುದಕ್ಕೆ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಷ್ಟು ಅನುಕೂಲವಾದ ಸ್ಥಳಗಳು ಬೇರೆ ಕಡೆ ಸಿಕ್ಕುವುದು ಕಷ್ಟ. ಈ ನಾಲ್ಕನ್ನೂ ಕಾರಿನಲ್ಲಿ ಒಂದು ಹಗಲಿನಲ್ಲಿ ಸುತ್ತಿ ಬರಬಹುದು. ಸಮುದ್ರಮಟ್ಟದಿಂದ ಇವುಗಳ ಎತ್ತರದಲ್ಲಿಯೂ ಹೇಳಿಕೊಳ್ಳುವಂಥ ಅಂತರವಿಲ್ಲ. ಮಳೆಯಲ್ಲಿ ಮಾತ್ರ ಅಜಗಜಾಂತರ. ಪೂರ್ವದಂಚಿನ ಹಳಿಯಾಳ, ಮುಂಡಗೋಡಗಳಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿಗಿಂತ ತುಸು ಹೆಚ್ಚು ಮಳೆಯಾದರೆ, ಜೋಯಿಡಾ ತಾಲೂಕಿನ ಪಶ್ಚಿಮದ ತುದಿಯಲ್ಲಿ, ಘಟ್ಟದ ನೆತ್ತಿಯ ಮೇಲಿರುವ ಕ್ಯಾಸಲ್‌ರಾಕ್‌ನಲ್ಲಿ ಅದರ ನಾಲ್ಕು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಒಂದೆಡೆ ಎಲೆಯುದುರಿಸುವ ತೇಗದ ಕಾಡು, ಇನ್ನೊಂದೆಡೆ ನಿತ್ಯಹರಿದ್ವರ್ಣದ ದಟ್ಟಡವಿ. ದಾಂಡೇಲಿ ಇವೆರಡರ ನಡುವಿನ ಹೊಸ್ತಿಲು.

ಟ್ರೇಲರ್ ಎಂಬ ವಸ್ತುವಿನ ಸ್ವಭಾವವನ್ನೂ ಅರಿತಿರಬೇಕು. ನೀರಹನಿಯ ಆಕಾರದ ಸಣ್ಣ ಗಾಡಿಮನೆಗಳು ಅಮೆರಿಕದಲ್ಲಿ 1930ರ ದಶಕದಲ್ಲಿ ಹುಟ್ಟಿದವು. ಎರಡನೆಯ ಮಹಾಯುದ್ಧದ ತರುವಾಯ ಅಲ್ಯೂಮಿನಿಯಂ ಹೇರಳವಾಗಿ ಸಿಕ್ಕತೊಡಗಿದಾಗ ಮನೆಯ ಹಿತ್ತಿಲಲ್ಲಿಯೇ ಇವನ್ನು ಕಟ್ಟಿಕೊಂಡವರು ಅನೇಕರು. ಎಳೆಯಲು ಹಗುರವಾಗಿರಬೇಕೆಂಬುದೇ ಇವುಗಳ ಮೊದಲ ಗುಣ, ಮೊದಲ ದೋಷವೂ ಅದೇ. ಜೋಯಿಡಾದ ಕುಣಬಿಗಳ ಮಣ್ಣುಗೋಡೆಯ ಮನೆ ಹಗಲಿನ ತಾಪವನ್ನು ನಿಧಾನವಾಗಿ ಹೀರಿ ರಾತ್ರಿ ನಿಧಾನವಾಗಿ ಬಿಡುತ್ತದೆ. ಅದರ ಹುಲ್ಲಿನ ಮಾಡು ಬಿಸಿಲನ್ನು ತಡೆದೂ ಉಸಿರಾಡುತ್ತದೆ. ತಗಡಿನ ಪೆಟ್ಟಿಗೆಗೆ ಇಂಥ ತಾಳ್ಮೆಯಿಲ್ಲ. ಸೂರ್ಯ ಬಂದೊಡನೆ ಕಾಯುತ್ತದೆ, ಹೋದೊಡನೆ ಆರುತ್ತದೆ.

ಈಗ ಎರಡು ದಿನಗಳನ್ನು ಹೋಲಿಸಿ ನೋಡಬಹುದು. ಮೊದಲನೆಯದು ಜುಲೈ ತಿಂಗಳ ಪುನರ್ವಸು ಮಳೆಯಲ್ಲಿ ಜೋಯಿಡಾ: ಉಷ್ಣಮಾನ 24 ಡಿಗ್ರಿ, ಗಾಳಿಯ ಆರ್ದ್ರತೆ ನೂರಕ್ಕೆ 95. ಎರಡನೆಯದು ಬೇಸಗೆಯ ಮಧ್ಯಾಹ್ನದ ಮುಂಡಗೋಡ: ಉಷ್ಣಮಾನ 37, ಆರ್ದ್ರತೆ 25. ಪಟ್ಟಣದಲ್ಲಿ ಕುಳಿತು ಅಂಕಿಗಳನ್ನು ಓದುವವನಿಗೆ ಮೊದಲನೆಯದು ಸ್ವರ್ಗವಾಗಿಯೂ ಎರಡನೆಯದು ಕುಲುಮೆಯಾಗಿಯೂ ತೋರುವುದು ಸಹಜ. ಆದರೆ ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಬೀಸಣಿಗೆಯಿಂದ ಗಾಳಿ ಹಾಕಿದರೆ ಮುಂಡಗೋಡದ ಪಾದರಸ 22ರ ಹತ್ತಿರಕ್ಕೆ ಇಳಿಯುತ್ತದೆ. ಜೋಯಿಡಾದ್ದು 23ರ ಮೇಲೆಯೇ ನಿಂತುಬಿಡುತ್ತದೆ!

ಇದರ ಮರ್ಮವನ್ನು ತಿಳಿಯಲು ಅಡುಗೆಮನೆಯ ಮೂಲೆಯ ಹೂಜಿಯನ್ನು ನೆನೆದರೆ ಸಾಕು. ಚೈತ್ರ ವೈಶಾಖಗಳಲ್ಲಿ ನೀರನ್ನು ಹಿಮದಂತೆ ತಣಿಸುವ ಅದೇ ಹೂಜಿ ಆಶ್ಲೇಷಾ ಮಳೆಯಲ್ಲಿ ಸುಮ್ಮನೆ ನೀರಿಟ್ಟ ಮಡಕೆಯಾಗಿಬಿಡುತ್ತದೆ. ಒಸರಿದ ನೀರು ಆರಿದರೆ ತಾನೆ ತಂಪು? ಮನುಷ್ಯದೇಹವೂ ಒಂದು ಹೂಜಿಯೇ. ಬೆವರು ಆರುವವರೆಗೆ ದೇಹ ತನ್ನನ್ನು ತಾನು ನೋಡಿಕೊಳ್ಳುತ್ತದೆ; ಆರದಿದ್ದರೆ ಕಷ್ಟಕ್ಕೆ ಮೊದಲು. ಒದ್ದೆ ಬಟ್ಟೆಯ ಉಷ್ಣಮಾನ 35 ಡಿಗ್ರಿ ಮುಟ್ಟಿದರೆ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರನೆಂದು ವಿಜ್ಞಾನಿಗಳು 2010ರಲ್ಲಿ ಲೆಕ್ಕ ಕಟ್ಟಿ ಹೇಳಿದ್ದರು. ಪೆನ್ಸಿಲ್ವೇನಿಯಾದಲ್ಲಿ ತರುಣರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳು ಆ ಮಿತಿ ಇನ್ನೂ ಕೆಳಗೆ, 31ರ ಆಸುಪಾಸಿನಲ್ಲಿಯೇ ಇರುವುದನ್ನು ತೋರಿಸಿದವು. ವೃದ್ಧರಿಗೂ ಮಕ್ಕಳಿಗೂ ಅದಕ್ಕಿಂತ ಮೊದಲೇ ಅಪಾಯವೆಂದು ಬೇರೆ ಹೇಳಬೇಕಾಗಿಲ್ಲ.

ಜೋಯಿಡಾದ ಮಳೆಗಾಲ ಪ್ರಾಣಾಪಾಯದ್ದೆಂದು ಇದರ ಅರ್ಥವಲ್ಲ. ಜಗಲಿಯಿರುವ ಮನೆಯಲ್ಲಿ ಕುಳಿತು ಆ ಮಳೆಯನ್ನು ನೋಡುವ ಸುಖವೇ ಬೇರೆ. ಆದರೆ ಮಳೆಗೆ ಹೆದರಿ ಕಿಟಕಿಗಳನ್ನು ಮುಚ್ಚಿದ ಟ್ರೇಲರಿನಲ್ಲಿ ಇಬ್ಬರ ಮೈಶಾಖವೂ ಸೇರಿ 24 ಡಿಗ್ರಿ 28 ಆಗಲು ಬಹಳ ಹೊತ್ತು ಬೇಡ. ಒದ್ದೆ ಬಟ್ಟೆ 27 ತೋರಿಸುವ ಆ ಗೂಡಿನಲ್ಲಿ ನಿದ್ರೆಯ ಮಾತೆಲ್ಲಿ? ಒಗೆದ ಬಟ್ಟೆ ಮೂರು ದಿನವಾದರೂ ಆರದು, ಹಾಸಿಗೆಗೆ ಬೂಸರು ಹಿಡಿಯುತ್ತದೆ, ಬಾಗಿಲಾಚೆ ಇಂಬಳಗಳು ಕಾದಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಘಟ್ಟದಂಚಿಗೆ ಟ್ರೇಲರ್ ತರದಿರುವುದೇ ಜಾಣತನ.

ಹಾಗೆಂದು ಬೇಸಗೆಯ ಮುಂಡಗೋಡಕ್ಕೆ ಹೊರಡಿರೆಂಬ ಸಲಹೆಯೂ ಇದಲ್ಲ. ಮರದ ನೆರಳಿನಲ್ಲಿ ಕುಳಿತವನಿಗೆ 37 ಡಿಗ್ರಿ ಸಹ್ಯವಾಗಬಹುದು. ಬಿಸಿಲಿನಲ್ಲಿ ನಿಂತ ಗಾಡಿಯ ಒಳಗಿನದು ಬೇರೆಯೇ ಹವೆ. ಮುಚ್ಚಿದ ಕಾರುಗಳ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣಮಾನ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರುತ್ತದೆ. ಅದರಲ್ಲಿ ಬಹುಪಾಲು ಮೊದಲ ಅರ್ಧ ಗಂಟೆಯಲ್ಲಿಯೇ. ಗಾಜನ್ನು ಎರಡು ಬೆರಳಿನಷ್ಟು ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಟ್ರೇಲರಿನ ಗಾಜು ಕಡಿಮೆಯಾದ್ದರಿಂದ ಏರಿಕೆ ಇಷ್ಟು ತೀವ್ರವಾಗದಿರಬಹುದಾದರೂ, ಮಧ್ಯಾಹ್ನದ ಊಟವಾದ ಮೇಲೆ ಮಗುವನ್ನು ಅದರಲ್ಲಿ ಮಲಗಿಸಿ ತಾಯಿತಂದೆಗಳು ಹೊಳೆಯ ಕಡೆಗೆ ಹೋಗುವುದು ಎಷ್ಟು ಮಾತ್ರಕ್ಕೂ ಸಲ್ಲದು. ನೆರಳಿತ್ತಲ್ಲ ಎಂಬ ಸಮಾಧಾನವೂ ಸಾಲದು. ನೆರಳು ಸರಿಯುತ್ತದೆ, ಗಾಡಿ ನಿಂತಲ್ಲಿಯೇ ಇರುತ್ತದೆ.

ಹಳಿಯಾಳ, ಮುಂಡಗೋಡಗಳ ನೆರಳಿಗೆ ಇನ್ನೊಂದು ಚಾಳಿಯಿದೆ. ಕಾರ್ತಿಕದಲ್ಲಿ ಕೊಡೆ ಹಿಡಿದಂತಿದ್ದ ತೇಗದ ಮರ ಫಾಲ್ಗುಣದ ಹೊತ್ತಿಗೆ ಬರಿಯ ಕೊಂಬೆಗಳ ಹಂದರವಾಗಿರುತ್ತದೆ. ಹಿಂದಿನ ಪ್ರವಾಸದಲ್ಲಿ ಒಳ್ಳೆಯ ನೆರಳು ಸಿಕ್ಕಿತ್ತೆಂದು ಅದೇ ಮರವನ್ನು ಹುಡುಕಿಕೊಂಡು ಮಾರ್ಚಿನಲ್ಲಿ ಬರುವವರು ಪೇಚಿಗೆ ಸಿಕ್ಕುತ್ತಾರೆ. ಮಾವು, ನೇರಳೆಗಳ ಅಡಿ ಇದಕ್ಕಿಂತ ನಂಬಿಕಸ್ಥ.

ಹವೆಯ ಮಾತು ಬಂದಾಗ ಮುಂಡಗೋಡದ ಟಿಬೆಟನ್ನರನ್ನು ನೆನೆಯದಿರಲಾಗದು. 1966ರಲ್ಲಿ ಇಲ್ಲಿ ಅವರ ವಸತಿಗೆ ಆರಂಭವಾಯಿತು. ಮುಂದೆ ಡ್ರೆಪುಂಗ್, ಗಾಂಡೆನ್ ಎಂಬ ಮಹಾವಿಹಾರಗಳು ಇಲ್ಲಿಯೇ ಮತ್ತೆ ತಲೆಯೆತ್ತಿದವು. ಆ ಭಿಕ್ಷುಗಳಲ್ಲಿ ಹಲವರು ಅದಕ್ಕೆ ಮುನ್ನ ಬಂಗಾಳದ ಬಕ್ಸಾದಲ್ಲಿ, ತೇವ ತುಂಬಿದ ಹವೆಯಲ್ಲಿ, ಇಕ್ಕಟ್ಟಾದ ಹಳೆಯ ಕಟ್ಟಡಗಳಲ್ಲಿ ವರ್ಷಗಟ್ಟಲೆ ಕಳೆದು ಕ್ಷಯರೋಗಕ್ಕೆ ತುತ್ತಾಗಿದ್ದರು. ಲಾಸಾ ಸಮುದ್ರಮಟ್ಟದಿಂದ 3,600 ಮೀಟರಿಗೂ ಮೇಲೆ ಇದೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಎಣಿಸಿದರೂ ಅಲ್ಲಿಂದ ಮುಂಡಗೋಡಕ್ಕೆ ಇಳಿದವರು ಇಪ್ಪತ್ತು ಡಿಗ್ರಿ ಹೆಚ್ಚಿನ ಸೆಕೆಗೆ ಇಳಿದಂತಾಯಿತು. ಪ್ರವಾಸಿಗರಿಗೆ ಹವೆ ಒಗ್ಗದಿದ್ದರೆ ಮರಳುವ ದಾರಿಯಿದೆ; ಅವರಿಗೆ ಅದಿರಲಿಲ್ಲ. ಅವರ ಹಳ್ಳಿಗಳನ್ನು ಸುತ್ತಲಿನವರು ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ, ಬಿಡಾರವೆಂಬ ಆ ಮೊದಲ ಹೆಸರು ಊರಾದ ಮೇಲೂ ಅಳಿಸಿಲ್ಲ.

ಟಿಬೆಟ್ಟಿನ ಎತ್ತರದ ಹುಲ್ಲುಗಾವಲುಗಳಲ್ಲಿ ಪಶುಪಾಲಕರು ಬಳಸುವ ಚಮರೀಮೃಗದ ಕೂದಲಿನ ಕಪ್ಪು ಡೇರೆಯಿಂದ ಟ್ರೇಲರಿನವರು ಕಲಿಯಬೇಕಾದುದೊಂದಿದೆ. ನೀರು ಹೆಪ್ಪುಗಟ್ಟುವ ಚಳಿಯ ಆ ನಾಡಿನಲ್ಲಿಯೂ ಡೇರೆಯ ನೆತ್ತಿಯಲ್ಲಿ ಉದ್ದಕ್ಕೂ ಒಂದು ತೆರಪನ್ನು ಬಿಟ್ಟಿರುತ್ತಾರೆ. ಒಲೆಯ ಹೊಗೆಯೂ ಜನರ ಉಸಿರೂ ಅದರ ಮೂಲಕ ಹೊರಗೆ ಹೋಗುತ್ತವೆ. ನಮ್ಮ ಕಡೆಯ ಪ್ರವಾಸಿಗರಾದರೋ ಹದಿನಾಲ್ಕು ಡಿಗ್ರಿಗೇ ನಡುಗಿ ಕಿಟಕಿಯ ಸಂದಿಗೆ ಪಂಚೆ ತುರುಕುತ್ತಾರೆ!

ಇಲ್ಲಿಗೇ ನಿಂತರೆ ಹಾಸಿಗೆ ಒದ್ದೆಯಾದೀತು, ಅಷ್ಟೆ. ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಡುಗೆಗೆ ಬಳಸಿದ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮೈ ಕಾಯಿಸಲೆಂದು ಒಳಗೆ ತಂದಿಡುವುದುಂಟು. ಜ್ವಾಲೆಯಿಲ್ಲ, ಹೊಗೆಯಿಲ್ಲ, ಆದುದರಿಂದ ಭಯವೂ ಇಲ್ಲವೆಂಬ ಭಾವನೆ. ಕೆಂಪಗೆ ಹೊಳೆಯುವ ಆ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ನಿಗೆ ಆಮ್ಲಜನಕ ಅಂಟುವುದಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಅದು ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆಗಳಿಂದ ಎಚ್ಚರವಾದೀತೆಂದು ನಂಬಿದವರಿಗೆ ನಿದ್ರೆಯಲ್ಲಿ ಆ ಎಚ್ಚರವೂ ಆಗುವುದಿಲ್ಲ. ಕೆಂಡವಾಗಲಿ, ಗ್ಯಾಸ್ ಒಲೆಯಾಗಲಿ, ಪಕ್ಕದಲ್ಲಿ ಓಡುವ ಪೆಟ್ರೋಲ್ ಜನರೇಟರಾಗಲಿ ಮಲಗುವ ಗೂಡಿನ ಹತ್ತಿರ ಇರಕೂಡದು. ಈ ನಾಲ್ಕು ತಾಲೂಕುಗಳ ಚಳಿಗೆ ಅವುಗಳ ಅಗತ್ಯವೂ ಇಲ್ಲ. ಒಳ್ಳೆಯ ಎರಡು ಕಂಬಳಿ, ತಲೆಗೊಂದು ಉಣ್ಣೆಯ ಟೋಪಿ, ಹಾಸಿಗೆಯ ಅಡಿಗೆ ಒಂದು ದಪ್ಪ ಜಮಖಾನೆ ಇದ್ದು, ಎದುರುಬದುರಾಗಿ ಎರಡು ಕಿಟಕಿಗಳನ್ನು ನಾಲ್ಕು ಬೆರಳಿನಷ್ಟು ತೆರೆದಿಟ್ಟರೆ ಹತ್ತು ಡಿಗ್ರಿಯವರೆಗೂ ಸುಖನಿದ್ರೆ ಬರುತ್ತದೆ.

ಗಾಡಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಉಳಿದ ಪ್ರಶ್ನೆ. ನದಿಯ ಅಂಚೇ ಎಲ್ಲರ ಕಣ್ಣನ್ನು ಸೆಳೆಯುತ್ತದೆ. ಆದರೆ ತಂಪಾದ ಗಾಳಿ ಭಾರವಾದುದು. ರಾತ್ರಿಯೆಲ್ಲ ಗುಡ್ಡದಿಂದ ನೀರಿನಂತೆಯೇ ಕೆಳಗೆ ಹರಿದು ಕಣಿವೆಯಲ್ಲಿ ಮಡುಗಟ್ಟುತ್ತದೆ. ಬೆಳಗಿನ ಜಾವದ ಮಂಜೆಲ್ಲ ಕಾಳಿಯ ಪಾತ್ರದಲ್ಲಿ ತುಂಬಿಕೊಂಡಿರುವುದಕ್ಕೆ ಇದೇ ಕಾರಣ. ಇಳಿಜಾರಿನಲ್ಲಿ ತುಸು ಮೇಲೆ ನಿಲ್ಲಿಸಿದವನಿಗೆ ಎರಡು ಮೂರು ಡಿಗ್ರಿಯ ಬೆಚ್ಚನೆಯೂ ಒಣಹವೆಯೂ ದಕ್ಕುತ್ತವೆ. ಮೇಲೆ ನಿಲ್ಲಿಸುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಗಣೇಶಗುಡಿಯಲ್ಲಿದೆ. ಹಳೆಯ ಸೂಪಾ ಪಟ್ಟಣವನ್ನು ಮುಳುಗಿಸಿ ನಿಂತ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ನೀರು ಹೊರಬೀಳುವುದು ವಿದ್ಯುತ್ತಿನ ಬೇಡಿಕೆಗೆ ಅನುಸಾರವಾಗಿ. ಮಳೆಗೂ ಅದಕ್ಕೂ ನಂಟಿಲ್ಲ. ನೆತ್ತಿಯ ಮೇಲೆ ಮೋಡದ ಚೂರೂ ಇಲ್ಲದ ದಿನ, ಬೆಳಗ್ಗೆ ಮಕ್ಕಳು ಆಡಿದ ಬಂಡೆ ಸಂಜೆಯ ಹೊತ್ತಿಗೆ ನೀರಿನ ಅಡಿಯಲ್ಲಿರಬಹುದು. ಆಕಾಶವನ್ನು ನೋಡಿ ನದಿಯನ್ನು ಅಳೆಯುವ ಹಳೆಯ ವಿದ್ಯೆ ಇಲ್ಲಿ ನಡೆಯದು.

ಕಾಡಿನೊಳಗೆ ಇಷ್ಟಬಂದಲ್ಲಿ ಗಾಡಿ ನಿಲ್ಲಿಸಲು ಹೇಗೂ ಆಸ್ಪದವಿಲ್ಲ. ದಾಂಡೇಲಿ, ಜೋಯಿಡಾಗಳ ಅಡವಿಯ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆ ಕುಳಗಿಯಲ್ಲಿ ಡೇರೆಗಳನ್ನು ಹಾಕಿಸಿ ಪ್ರವಾಸಿಗರಿಗೆ ತಂಗಲು ಅನುಕೂಲ ಮಾಡಿದೆ. ಅಲ್ಲಿಯ ಡೇರೆಗೂ ತಗಡಿನ ಟ್ರೇಲರಿಗೂ ಹವೆಯ ನಿಯಮ ಒಂದೇ. ಬಟ್ಟೆಯ ಗೋಡೆ ತುಸು ಉಸಿರಾಡುತ್ತದೆಂಬುದಷ್ಟೇ ವ್ಯತ್ಯಾಸ.

ಒಟ್ಟಿನಲ್ಲಿ ಟ್ರೇಲರಿನ ಪಂಚಾಂಗ ಹೀಗೆ ತೋರುತ್ತದೆ. ಸ್ವಾತಿ ಮಳೆ ಹಿಂದಾದ ಮೇಲೆ, ನವೆಂಬರಿನ ಎರಡನೆಯ ವಾರದಿಂದ ಹಾದಿ ತೆರೆಯುತ್ತದೆ. ಹೊರಗಿನ ರಾತ್ರಿ ಹನ್ನೆರಡರಿಂದ ಇಪ್ಪತ್ತು ಡಿಗ್ರಿ, ಹಗಲು ಮೂವತ್ತರ ಒಳಗೆ, ಒದ್ದೆ ಬಟ್ಟೆಯ ಪಾದರಸ ಇಪ್ಪತ್ತರ ಕೆಳಗೆ: ಈ ಮೂರೂ ಕೂಡಿದ ದಿನಗಳು ಫೆಬ್ರವರಿಯ ನಡುವಿನವರೆಗೆ ಧಾರಾಳವಾಗಿ ಸಿಕ್ಕುತ್ತವೆ. ಹಳಿಯಾಳದ ಸುತ್ತ ಕಬ್ಬಿನ ಕಟಾವು ನಡೆಯುವುದೂ ಇದೇ ಕಾಲದಲ್ಲಿ. ದೂರದಿಂದ ಬಂದ ಕೂಲಿಯವರು ಗದ್ದೆಯ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಗುಡಾರ ಹಾಕಿ, ಮಕ್ಕಳುಮರಿಗಳೊಡನೆ ಅದೇ ಇಬ್ಬನಿಯಲ್ಲಿ ಮಲಗುತ್ತಾರೆ. ಅವರ ಹಾಳೆಯ ಒಳಮೈಯಿಂದಲೂ ಬೆಳಗಿನ ಜಾವ ಹನಿ ಬೀಳುತ್ತದೆ. ಒಣಗಿಸಿಕೊಳ್ಳಲು ಕಾಯುತ್ತ ಕೂರುವಷ್ಟು ಬಿಡುವು ಅವರಿಗಿಲ್ಲ.

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೋಗುತ್ತದೆನ್ನುವುದು ಈ ಕಡೆಗೂ ಒಪ್ಪುವ ಮಾತು. ಅಲ್ಲಿಂದ ಮುಂದೆ ಹಗಲು ಬೇಗ ಬೇಗ ಕಾಯುತ್ತದೆ. ಏಪ್ರಿಲಿನ ಇಳಿಹೊತ್ತುಗಳಲ್ಲಿ ಅಡ್ಡಮಳೆಯ ಗಾಳಿ ಒಣಕೊಂಬೆಗಳನ್ನು ಮುರಿದು ಕೆಡಹುತ್ತದೆ. ಬಿದಿರುಮೆಳೆಯ ಪಕ್ಕ ನಿಂತ ಗಾಡಿಗೆ ಅದು ಸುಖದ ಗಳಿಗೆಯಲ್ಲ. ಆ ವೇಳೆಗೆ ಟ್ರೇಲರನ್ನು ಊರಿಗೆ ಎಳೆದೊಯ್ದು, ಹಾಸಿಗೆಯನ್ನು ಹೊರಗೆ ತೆಗೆದು, ಬಾಗಿಲು ಕಿಟಕಿಗಳನ್ನೆಲ್ಲ ಹಾರುಹೊಡೆದು ಒಂದು ವಾರ ಬಿಸಿಲು ಕಾಯಿಸಬೇಕು. ಧನುರ್ಮಾಸದಲ್ಲಿ ತಗಡಿನ ಸಂದುಗೊಂದುಗಳಿಗೆ ಇಳಿದ ಉಸಿರಿನ ನೀರು ಆಗಲೇ ಪೂರ್ತಿ ಆರುವುದು.