ಊದಿದ ಕಾಲಿಗೆ ಲೆಕ್ಕದ ಬಟ್ಟೆ

ಬೆಳಗಾವಿ ಜಿಲ್ಲೆಯ ರಾಮದುರ್ಗದ ಮಗ್ಗದಲ್ಲಿ ನೇಯ್ದ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರೂ ಅದು ಹಿಗ್ಗುವುದಿಲ್ಲ. ಹಾಸೂ ಹೊಕ್ಕೂ ನೆಟ್ಟಗಿನ ಎಳೆಗಳು; ಹಿಗ್ಗಲು ಅವಕ್ಕೆ ಜಾಗವೇ ಇಲ್ಲ. ಕಾಲುಚೀಲ ಹಿಗ್ಗುತ್ತದೆ, ಯಾಕೆಂದರೆ ಅದು ಕುಣಿಕೆಗೆ ಕುಣಿಕೆ ಕೋದ ಹೆಣಿಗೆ. ಆನೆಕಾಲು ರೋಗದವರಿಗೆ, ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ತೋಳು ಊದಿಕೊಂಡವರಿಗೆ ಒತ್ತಡದ ಉಡುಪು ತಯಾರಿಸುವವರ ತಲೆನೋವು ಈ ಎರಡರ ನಡುವೆ ಇದೆ: ತೊಡುವಾಗ ಹಿಗ್ಗಬೇಕು, ತೊಟ್ಟ ಮೇಲೆ ಹಿಗ್ಗಲು ಒಲ್ಲೆ ಎನ್ನಬೇಕು.

ಸೂಕ್ಷ್ಮ ರಕ್ತನಾಳಗಳಿಂದ ದಿನವಿಡೀ ದ್ರವ ಜಿನುಗುತ್ತದೆ. ಅದರಲ್ಲಿ ಎರಡು ಮೂರು ಲೀಟರಿನಷ್ಟು ದುಗ್ಧರಸವಾಗಿ ಬೇರೆಯದೇ ನಾಳಗಳಲ್ಲಿ ಮೇಲೇರಿ, ಕತ್ತಿನ ಬುಡದ ದೊಡ್ಡ ಅಭಿಧಮನಿಯಲ್ಲಿ ಮತ್ತೆ ರಕ್ತ ಸೇರಬೇಕು. ಅದನ್ನು ನೂಕಲು ಹೃದಯದಂಥ ಪಂಪು ಇಲ್ಲ. ನಾಳದ ಗೋಡೆ ತಾನೇ ಕುಗ್ಗಿ ಹಿಗ್ಗುತ್ತದೆ, ಒಳಗಿನ ಕವಾಟಗಳು ಹಿಂದಕ್ಕೆ ಬಿಡುವುದಿಲ್ಲ, ಉಳಿದದ್ದು ನಡೆಯುವಾಗ ಮೀನಖಂಡದ ಸ್ನಾಯು ಹಿಂಡುವುದರಿಂದ ಆಗುತ್ತದೆ. ಕಿತ್ತೂರಿನಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತವರ ಪಾದ ಬೆಳಿಗ್ಗೆ ಚಪ್ಪಲಿಗೆ ಹಿಡಿಯದಿರುವುದು ಸ್ನಾಯು ಸುಮ್ಮನಿದ್ದದ್ದರಿಂದ. ಅವರಿಗೆ ನಾಲ್ಕು ಹೆಜ್ಜೆ ನಡೆದರೆ ಸಾಕು. ಕವಾಟವೇ ಕೆಟ್ಟವರಿಗೆ ಸಾಲದು.

ಕವಾಟ ಕೆಡಿಸುವುದರಲ್ಲಿ ಹೆಸರಾದದ್ದು ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ದಾರದಂಥ ಹುಳು. ಚರಂಡಿ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹರಡುತ್ತದೆ. ಹುಳು ದುಗ್ಧನಾಳದೊಳಗೇ ವರ್ಷಗಟ್ಟಲೆ ಸಂಸಾರ ಹೂಡುತ್ತದೆ. ಕರ್ನಾಟಕದಲ್ಲಿ ಈ ಪಿಡುಗು ಹೆಚ್ಚಾಗಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ, ಬಾಗಲಕೋಟೆ ಮತ್ತು ಕರಾವಳಿಯದು. ಬೆಳಗಾವಿ ಜಿಲ್ಲೆಯ ಹೆಸರು ಆ ಸಾಲಿನಲ್ಲಿಲ್ಲ, ಆದರೆ ರಾಮದುರ್ಗ ತಾಲ್ಲೂಕಿನ ಗಡಿ ದಾಟಿದರೆ ಬಾಗಲಕೋಟೆಯೇ. ಮಾತ್ರೆಗಳು ಹುಳುವನ್ನು ಕೊಲ್ಲುತ್ತವೆ. ಹಾಳಾದ ನಾಳವನ್ನು ಸರಿಮಾಡಲಾರವು. ನಿಂತ ದ್ರವದಲ್ಲಿ ಪ್ರೋಟೀನ್ ಉಳಿದು, ವರ್ಷ ಕಳೆದಂತೆ ಮೃದುವಾದ ಬಾವು ಗಟ್ಟಿಯಾಗುತ್ತದೆ.

ಕನ್ನಡ ನಾಡಿನ ಅಂಚಿನ ಕಾಸರಗೋಡಿನಲ್ಲಿ ಚರ್ಮತಜ್ಞ ಡಾ. ಎಸ್.ಆರ್. ನರಹರಿ 1999ರಲ್ಲಿ ಆರಂಭಿಸಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಇಂಥ ಕಾಲುಗಳಿಗೇ ಹೆಸರಾದದ್ದು. ಆಕ್ಸ್‌ಫರ್ಡಿನ ಪ್ರೊ. ಟೆರೆನ್ಸ್ ರಯಾನ್ ಈ ಕೆಲಸದಲ್ಲಿ ಜೊತೆಯಾದವರು. ಅಲ್ಲಿ ಕಾಲು ತೊಳೆದು ಬೆರಳ ಸಂದಿ ಒರೆಸುವುದು, ಆಯುರ್ವೇದದ ಕಷಾಯದಲ್ಲಿ ಕಾಲು ನೆನೆಸುವುದು, ಯೋಗ, ನೀವುವುದು, ಕೊನೆಗೆ ಪಟ್ಟಿ ಸುತ್ತುವುದು ಎಲ್ಲ ಒಂದೇ ಚಿಕಿತ್ಸೆಯ ಹಂತಗಳು. ಇದನ್ನೇ ಕಲಬುರಗಿ ಜಿಲ್ಲೆಯ ಹಳ್ಳಿಗಳಿಗೂ ಒಯ್ದು ನೋಡಿದ್ದಾರೆ. ಪಟ್ಟಿ ಇಲ್ಲದೆ ಉಳಿದದ್ದು ನಿಲ್ಲುವುದಿಲ್ಲ: ನೀವಿ ಇಳಿಸಿದ ದ್ರವ ಎದ್ದು ನಿಂತೊಡನೆ ವಾಪಸು ಬರುತ್ತದೆ.

ಬಿಗಿದಷ್ಟೂ ಗುಣ ಎಂದು ನಂಬುವವರೇ ಹೆಚ್ಚು. ಅದು ತಪ್ಪು. ಬಟ್ಟೆ ತಾನಾಗಿ ಹಿಂಡುವುದಿಲ್ಲ. ಗಾಣದ ಒಂದೇ ಉರುಳೆ ಕಬ್ಬಿನಿಂದ ರಸ ತೆಗೆಯಲಾರದು. ಇಲ್ಲಿ ಒಂದು ಉರುಳೆ ಸ್ನಾಯು, ಇನ್ನೊಂದು ಬಟ್ಟೆ. ಸ್ನಾಯು ಉಬ್ಬಿದಾಗ ಬಟ್ಟೆಯೂ ಜೊತೆಗೆ ಹಿಗ್ಗಿಬಿಟ್ಟರೆ ಕೆಲಸ ಕೆಟ್ಟಿತು. ಆದ್ದರಿಂದ ತಜ್ಞರು ಅಳೆಯುವುದು ಬಟ್ಟೆಯ ಪೆಡಸುತನವನ್ನು: ಮಲಗಿದಾಗಿನ ಮತ್ತು ನಿಂತಾಗಿನ ಒತ್ತಡದ ವ್ಯತ್ಯಾಸ ಪಾದರಸದ 10 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಪೆಡಸು, ಕಡಿಮೆಯಿದ್ದರೆ ಮೆದು. ಜಿಮ್ಮಿಗೆ ತೊಡುವ ಮೈಗಂಟಿದ ಚಡ್ಡಿ, ಅಂಗಿ ಎಷ್ಟೇ ಬಿಗಿಯೆನಿಸಿದರೂ ಸಾಮಾನ್ಯವಾಗಿ ಮೆದುವಿನ ಜಾತಿಯವು.

ಇನ್ನೊಂದು ಲೆಕ್ಕ ಫ್ರೆಂಚ್ ಗಣಿತಜ್ಞ ಲಾಪ್ಲಾಸ್‌ನದು. ಒಂದೇ ಬಿಗಿಯಲ್ಲಿ ಸುತ್ತಿದ ಪಟ್ಟಿ ಸಣ್ಣ ಸುತ್ತಳತೆಯ ಮೇಲೆ ಹೆಚ್ಚು ಒತ್ತುತ್ತದೆ, ದೊಡ್ಡದರ ಮೇಲೆ ಕಡಿಮೆ. ಹರಡು 20 ಸೆಂಟಿಮೀಟರ್, ಮೀನಖಂಡ 40 ಇದ್ದರೆ ಮೇಲಿನ ಒತ್ತಡ ಕೆಳಗಿನದರ ಅರ್ಧ. ಬೇಕಾದದ್ದೂ ಇದೇ, ದ್ರವ ಕೆಳಗಿನಿಂದ ಮೇಲಕ್ಕೆ ಸರಿಯಲು. ಅಮೆರಿಕದಲ್ಲಿ ನೆಲೆಸಿದ ಎಂಜಿನಿಯರ್ ಕಾನ್ರಾಡ್ ಜಾಬ್ಸ್ಟ್‌ಗೆ ಈಜುಕೊಳದಲ್ಲಿ ನಿಂತಾಗ ತನ್ನ ಕಾಲಿನ ಉಬ್ಬಿದ ನರಗಳ ನೋವು ಇಳಿದದ್ದು ಹೊಳೆಯಿತು: ನೀರಿನ ಒತ್ತಡ ತಳದಲ್ಲಿ ಹೆಚ್ಚು, ಮೇಲೆ ಕಡಿಮೆ. ಅವನು 1950ರ ಹೊತ್ತಿಗೆ ಆ ಏರಿಳಿತವನ್ನೇ ಕಾಲುಚೀಲಕ್ಕೆ ಇಳಿಸಿದ. ಈಗ ಜರ್ಮನಿಯ ಮಾನದಂಡದಲ್ಲಿ ಹರಡಿನ ಬಳಿ 18ರಿಂದ 21 ಮಿಲಿಮೀಟರ್ ಮೊದಲ ದರ್ಜೆ, 23ರಿಂದ 32 ಎರಡನೆಯದು, 34ರಿಂದ 46 ಮೂರನೆಯದು.

ಆದರೆ ಆನೆಕಾಲಿನಲ್ಲಿ ಹರಡು ಮೀನಖಂಡಕ್ಕಿಂತ ದಪ್ಪವಾಗಿರಬಹುದು. ಆಗ ಅದೇ ಲೆಕ್ಕ ತಲೆಕೆಳಗಾಗಿ, ಅಂಗಡಿಯ ಸಿದ್ಧ ಚೀಲ ಮೇಲೆ ಹೆಚ್ಚು ಬಿಗಿಯುತ್ತದೆ. ಚರ್ಮದ ಮಡಿಕೆಯೊಳಗೆ ಸರಿದು ಹಗ್ಗದಂತೆ ಕಟ್ಟಿಯೂ ಹಾಕಬಹುದು. ಅಂಥ ಚೀಲ ಹೆಣೆಯುವ ದುಂಡು ಹೆಣಿಗೆಯ ಯಂತ್ರದಲ್ಲಿ ಸೂಜಿಗಳ ಸಂಖ್ಯೆ ಬದಲಾಗದು, ಆಕಾರಕ್ಕೆ ಮಿತಿ ಇದೆ. ಇಂಥ ಕಾಲಿಗೆ ಬೇಕಾದದ್ದು ಚಪ್ಪಟೆ ಹೆಣಿಗೆ: ಸಾಲುಸಾಲಿಗೆ ಸೂಜಿ ಏರಿಸಿ ಇಳಿಸಿ, ಒಬ್ಬರದೇ ಅಳತೆಗೆ ಹೆಣೆದು, ಹಿಂದೆ ಹೊಲಿಗೆ ಹಾಕುವುದು. ಬಟ್ಟೆ ದಪ್ಪ, ಮಡಿಕೆಯೊಳಗೆ ಇಳಿಯದೆ ಅದರ ಮೇಲೆ ಸೇತುವೆಯಂತೆ ನಿಲ್ಲುತ್ತದೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಮಾಡಿದ ಮೊದಲ ಹೆಣಿಗೆ ಯಂತ್ರವೂ ಚಪ್ಪಟೆಯದೇ.

ಬಾವು ಇಳಿಸುವ ಮೊದಲ ವಾರಗಳಲ್ಲಿ ಮಾತ್ರ ಈ ಉಡುಪಿಗೆ ಕೆಲಸವಿಲ್ಲ. ಅಳತೆ ದಿನದಿನಕ್ಕೆ ಬದಲಾಗುತ್ತದೆ. ಆಗ ಬೇಕಾದದ್ದು ಕಡಿಮೆ ಹಿಗ್ಗುವ ಹತ್ತಿಯ ಪಟ್ಟಿ, ಅದು ನೇಕಾರರ ವಸ್ತು. ನೂಲಿಗೆ ಅತಿಯಾಗಿ ಹುರಿ ಹಾಕಿ ನೇಯ್ದರೆ, ಬಿಟ್ಟಾಗ ಎಳೆ ಸುರುಟಿಕೊಂಡು ಬಟ್ಟೆಗೆ ರಬ್ಬರಿಲ್ಲದೆಯೇ ಚೂರು ಹಿಗ್ಗು ಬರುತ್ತದೆ. ತಮಿಳುನಾಡಿನ ರಾಜಪಾಳಯಂ ಬಳಿಯ ಛತ್ರಪಟ್ಟಿಯ ಮಗ್ಗಗಳು ಬ್ಯಾಂಡೇಜ್ ಬಟ್ಟೆಗೇ ಹೆಸರುವಾಸಿ. ಬೈಲಹೊಂಗಲದ ಹತ್ತಿ ಪೇಟೆಯೂ ರಾಮದುರ್ಗದ ಮಗ್ಗವೂ ಒಂದೇ ಜಿಲ್ಲೆಯಲ್ಲಿರುವಾಗ ಇಲ್ಲಿಯವರೂ ಯೋಚಿಸಬಹುದಾದ ಸರಕು ಇದು.

ಇನ್ನು ಬೇಸಿಗೆ. ಸವದತ್ತಿಯ ಎರೆಹೊಲದಲ್ಲಿ ಏಪ್ರಿಲ್ ಬಿಸಿಲಿಗೆ ದಪ್ಪ ಚೀಲ ತೊಟ್ಟು ಕಸ ತೆಗೆಯಿರಿ ಎಂದು ವೈದ್ಯರು ಹೇಳುವುದು ಸುಲಭ. ಬೆವರು ಕೂತರೆ ಬೆರಳ ಸಂದಿ ಹುಣ್ಣಾಗಿ, ಅಲ್ಲಿಂದಲೇ ಜ್ವರದ ಸೋಂಕು ಒಳನುಗ್ಗುತ್ತದೆ. ಅದಕ್ಕೇ ಬೆರಳು ತೆರೆದಿರುವ ಚೀಲ, ತೊಳೆದು ಒಣಗಿಸಲು ಎರಡು ಜೊತೆ. ಆರು ತಿಂಗಳಲ್ಲಿ ಎಳೆ ಸೋತು ಹೊಸದು ಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ನಾಡಿಯನ್ನು ವೈದ್ಯರು ಮೊದಲು ನೋಡಬೇಕು, ರಕ್ತ ಸರಿಯಾಗಿ ಇಳಿಯದ ಕಾಲಿಗೆ ಬಿಗಿತ ಅಪಾಯ. ಬಗ್ಗಿ ಚೀಲ ಏರಿಸಲಾಗದ ಮುದುಕಿಯರಿಗೆ ವೆಲ್ಕ್ರೋ ಪಟ್ಟಿಗಳ ಸುತ್ತುಗವಚ ಬಂದಿದೆ. ಬಾವು ಇಳಿದಂತೆ ಕೈಯಿಂದಲೇ ಇನ್ನಷ್ಟು ಎಳೆದು ಅಂಟಿಸಿಕೊಳ್ಳಬಹುದು. ನೋಡಲು ಚೆಂದವಿಲ್ಲ, ಆದರೆ ಸೀರೆಯೊಳಗೆ ಯಾರಿಗೂ ಕಾಣುವುದಿಲ್ಲ.