ಒಂದು ಹದ ಮಳೆಗೆ ಎಷ್ಟು ಬಿಸಿಲು?

ಕೊಟ್ಟೂರಿನ ಒಂದು ಎಕರೆ ಜೋಳದ ಹೊಲಕ್ಕೆ 10 ಮಿಲಿಮೀಟರ್ ಮಳೆಯಾದರೆ ಬಿದ್ದ ನೀರು ಸುಮಾರು 40,000 ಲೀಟರ್. ಒಂದು ಲೀಟರ್ ಆವಿಯಾಗಲು ಸುಮಾರು 24 ಲಕ್ಷ ಜೌಲ್ ಶಾಖ ಬೇಕು. ಅಂದರೆ ಈ ಒಂದು ಹದ ಮಳೆಗೆ ಬಿಸಿಲು ಮೊದಲೇ ತೆತ್ತಿರುವುದು ಸುಮಾರು 27,000 ಯೂನಿಟ್ ಕರೆಂಟಿನಷ್ಟು ಶಕ್ತಿ! ಈ ಮಳೆಯ ನೀರು ಆವಿಯಾಗಿ ಬರುವ ಕಡಲು ಕುದಿಯುವುದೇ ಇಲ್ಲವಲ್ಲ ಎನ್ನಬಹುದು. ಕುದಿಯಬೇಕಿಲ್ಲ: ಮೇಲ್ಪದರದ ಚುರುಕಾದ ಅಣುಗಳು ಹಾರಿಹೋಗುತ್ತಲೇ ಇರುತ್ತವೆ, ಉಳಿದ ನೀರು ತಣ್ಣಗಾಗುತ್ತದೆ, ಆ ಕೊರತೆಯನ್ನು ಸೂರ್ಯ ತುಂಬುತ್ತಾನೆ. ಹಾಗಾದರೆ ಆ ಶಾಖ ಹೋಯಿತೇ? ಇಲ್ಲ. ಆವಿ ಹನಿಯಾಗುವಾಗ ಅದು ಮೋಡದೊಳಗೇ ಬಿಡುಗಡೆಯಾಗಿ, ಗಾಳಿಯನ್ನು ಇನ್ನಷ್ಟು ಮೇಲಕ್ಕೆತ್ತುತ್ತದೆ. ಆದರೆ ಈ ಆವಿಯನ್ನು ಹೊತ್ತು ತರುವ ಅರಬ್ಬಿ ಸಮುದ್ರದ ಮುಂಗಾರು ಗಾಳಿ ತನ್ನ ತೇವವನ್ನು ಹೆಚ್ಚಾಗಿ ಸಹ್ಯಾದ್ರಿಯಲ್ಲೇ ಸುರಿಸಿಬಿಡುತ್ತದೆ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಗೆ ದಾಟಿಬರುವುದು ಅಳಿದುಳಿದ ಪಾಲು.